ಏರಿನಲ್ಲಿ ನಿಲ್ಲುವ ಗಾಡಿ

"ಅಜ್ಜಾ, ಊರೆಲ್ಲ ನನ್ನನ್ನು ಒಳ್ಳೆಯವನು ಎನ್ನುತ್ತದೆ. ಹೆಂಡತಿ ಒಬ್ಬಳು ಮಾತ್ರ ನನ್ನ ಜೊತೆ ಬಾಳಲಾರೆ ಎಂದು ತವರಿಗೆ ಹೋಗಿ ಕೂತಿದ್ದಾಳೆ. ಒಬ್ಬಳ ಮಾತು ನಿಜವೋ, ಊರಿನ ಮಾತು ನಿಜವೋ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಗದಿಗೆಪ್ಪ. ಮಠಕ್ಕೆ ನಡೆದುಕೊಳ್ಳುವ ಶಿಷ್ಯ. ಮರುದಿನ ಎರಡೂ ಮನೆಯ ಹಿರಿಯರು ಈ ಜಗಳ ತೀರಿಸಲು ಕೂರುವವರಿದ್ದರು. ಗುರುಗಳು ಬಂದು ತನ್ನ ಪರವಾಗಿ ಒಂದು ಮಾತು ಆಡಲಿ ಎಂದು ಅವನು ಬೇಡಲು ಬಂದಿದ್ದ. ಬೇಡುವಾಗಲೂ ದನಿಯಲ್ಲಿ ಸಿಟ್ಟಿತ್ತು.

ಗುರುಗಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಹಾಲಿನವಳಿದ್ದಳು. ಅವಳ ಊರು ಗುಡ್ಡದ ಕೆಳಗೆ, ಪೇಟೆ ಗುಡ್ಡದ ಮೇಲೆ. ನಾಲ್ಕಾರು ಮನೆಯ ಹಾಲು ಕೂಡಿಸಿ, ಹಳೆಯದೊಂದು ವ್ಯಾನಿನಲ್ಲಿ ಹೇರಿಕೊಂಡು, ಪೇಟೆಯ ಮಿಠಾಯಿ ಅಂಗಡಿಗೆ ಹಾಕುತ್ತಿದ್ದಳು. ಗಾಡಿ ಓಡಿಸುವವಳೂ ಅವಳೇ. ಅಂಥ ಗಾಡಿ ಈಗ ಯಾರೂ ಮಾಡುವುದಿಲ್ಲ. ಅದರ ಒಂದು ಸಾಮಾನು ಬೇಕೆಂದರೆ ಪೇಟೆಯೆಲ್ಲ ಅಲೆಯಬೇಕು.

ಒಂದು ಬೇಸಿಗೆಯಲ್ಲಿ ಗಾಡಿ ಕೈಕೊಡತೊಡಗಿತು. ಸಪಾಟು ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಏರಿನ ನಡುವೆ, ಇಂಜಿನ್ ಕಾದ ಮೇಲೆ, ದೀಪ ಆರಿದಂತೆ ನಿಂತುಬಿಡುತ್ತಿತ್ತು. ಹಾಲಿನವಳು ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದಳು. ಬಿಸಿಲಲ್ಲಿ ಕಾಯುತ್ತಿದ್ದಳು. ಇಂಜಿನ್ ತಣ್ಣಗಾದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತಿತ್ತು. ಅಷ್ಟರಲ್ಲಿ ಹಾಲು ಹುಳಿಯಾಗುತ್ತಿತ್ತು. ಅಂಗಡಿಯವನು ಒಲೆಯ ಮೇಲಿಟ್ಟರೆ ಒಡೆಯುತ್ತಿತ್ತು.

"ಹೀಗೇ ಒಡೆಯುತ್ತಿದ್ದರೆ ಬೇರೆಯವರ ಹಾಲು ಹಿಡಿಯುತ್ತೇನವ್ವಾ" ಎಂದ ಅವನು.

ಅವಳು ಒಂದು ದಿನ ಏರಿನಲ್ಲಿ ನಿಂತಲ್ಲಿಂದಲೇ, ಕೆಳಗಿಳಿಯುವ ಬಸ್ಸಿನವರ ಕೈಯಲ್ಲಿ ಊರಿನ ಮೆಕ್ಯಾನಿಕ್‌ಗೆ ಹೇಳಿ ಕಳಿಸಿದಳು. ಅವನು ಬರುವ ಹೊತ್ತಿಗೆ ಇಂಜಿನ್ ತಣ್ಣಗಾಗಿತ್ತು. ಕೂತು ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಚಾಲೂ ಆಯಿತು.

"ಬಿಸಿಲಲ್ಲಿ ಗುಡ್ಡ ಹತ್ತಿಸಿದ್ದು ಇದಕ್ಕೇನಕ್ಕಾ?" ಎಂದ.

ಹಾಲಿನವಳು ನಾಚಿಕೊಂಡಳು. ನಾಚಿಕೊಳ್ಳುವಂಥದ್ದು ಅವಳೇನೂ ಮಾಡಿರಲಿಲ್ಲ.

ಪೇಟೆಯಲ್ಲಿ ಹಳೆಯ ಗಾಡಿಗಳ ಸಾಮಾನು ಮಾರುವ ಒಬ್ಬ ವ್ಯಾಪಾರಿಯಿದ್ದ. ಅವನಿಗೆ ಲಕ್ಷಣ ಹೇಳಿದಳು. ಅವನು ಕೇಳಿಸಿಕೊಂಡು, "ಕಾದರೆ ಸಾಯುತ್ತದೆ, ತಣ್ಣಗಾದರೆ ಏಳುತ್ತದೆ ಅಂದರೆ ಕಾಯಿಲ್ ಇರಬೇಕು" ಎಂದ. ಪ್ಲಗ್ಗಿಗೆ ಕಿಡಿ ಕಳಿಸುವ ಡಬ್ಬಿ ಅದು. "ನಿನ್ನ ಗಾಡಿಗೆ ಕೂರುವಂಥದ್ದು ನನ್ನ ಹತ್ತಿರ ಉಳಿದಿರುವುದು ಇದೊಂದೇ. ಆದರೆ ಒಯ್ದದ್ದನ್ನು ವಾಪಸು ತಗೊಳ್ಳುವುದಿಲ್ಲ. ಮೆಕ್ಯಾನಿಕ್ ಹೌದೆನ್ನಲಿ, ಆಮೇಲೆ ಒಯ್ಯಿ."

ಮೆಕ್ಯಾನಿಕ್ ಹೌದೆನ್ನಲಿಲ್ಲ. ಗ್ಯಾರೇಜಿನ ನೆರಳಲ್ಲಿ ಗಾಡಿ ನಿಲ್ಲಿಸಿ, ಪ್ಲಗ್ಗು ಬಿಚ್ಚಿ, ಇಂಜಿನ್ನಿಗೆ ಮುಟ್ಟಿಸಿ ತೋರಿಸಿದ. ಕಿಡಿ ನೀಲಿಯಾಗಿ ಹಾರಿತು. ಸಪಾಟಿನಲ್ಲಿ ಊರ ಕೆರೆಯವರೆಗೆ ಓಡಿಸಿಕೊಂಡು ಹೋಗಿ ಬಂದ. ಗಾಡಿ ಎಲ್ಲೂ ನಿಲ್ಲಲಿಲ್ಲ.

"ಅಂಗಡಿಯವನು ಯಾವಾಗಿಂದ ಡಾಕ್ಟರನಾದ? ಒಳ್ಳೆಯ ಕಾಯಿಲ್ ಬಿಚ್ಚುವ ಪಾಪ ನನಗೆ ಬೇಡ. ಗಾಡಿಗೆ ಏನೂ ಆಗಿಲ್ಲಕ್ಕಾ. ಓಡಿಸುವ ಕೈ ನೋಡಿಕೋ."

ಗ್ಯಾರೇಜಿನಲ್ಲಿ ಕೂತಿದ್ದವರು ನಕ್ಕರು. ಅವರೆಲ್ಲ ಗಾಡಿಯನ್ನು ನೋಡಿದ್ದರು. ಕಿಡಿಯನ್ನೂ ನೋಡಿದ್ದರು. ಮನೆಗೆ ಬಂದರೆ ಗಂಡನೂ ಅದೇ ಮಾತು ಹಿಡಿದ. "ಅಷ್ಟು ಜನಕ್ಕೆ ಕಾಣದ ರೋಗ ನಿನಗೊಬ್ಬಳಿಗೇ ಕಾಣುತ್ತದೋ?"

ಗಾಡಿ ನಿಂತದ್ದು ಅವಳನ್ನು ಅಷ್ಟು ಉರಿಸಿರಲಿಲ್ಲ. ಈ ಮಾತು ಉರಿಸಿತು. ದಿನಾ ಆ ಏರಿನಲ್ಲಿ ಕಲ್ಲು ಹೊತ್ತು ಚಕ್ರಕ್ಕೆ ಕೊಡುವವಳು ತಾನು. ಕೆಟ್ಟ ಹಾಲನ್ನು ಚರಂಡಿಗೆ ಸುರಿಯುವವಳು ತಾನು. ನೆರಳಲ್ಲಿ ಕೂತು ಚಹಾ ಕುಡಿಯುವವರು ಗಾಡಿ ಚೆನ್ನಾಗಿದೆ ಎನ್ನುತ್ತಾರೆ. ಯಾರಿಗೆ ಚೆನ್ನಾಗಿದೆ?

ಮತ್ತೆ ಕೆಲವು ದಿನ ಅದೇ ಪಾಡು ಪಟ್ಟಳು. ಒಂದು ಬೆಳಿಗ್ಗೆ ಹಾಲಿನ ಕ್ಯಾನು ಹೇರಿಕೊಂಡು ಬಂದವಳು ಗಾಡಿಯನ್ನು ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಲ್ಲಿಸಿದಳು. ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು.

"ಹತ್ತು ತಮ್ಮಾ. ನೀನು ಪಕ್ಕದಲ್ಲಿ ಕೂತರೆ ಗಾಡಿ ಹೊರಡುತ್ತದೆ. ಇಲ್ಲದಿದ್ದರೆ ಇಲ್ಲೇ ಇರುತ್ತದೆ."

"ರೋಗವಿಲ್ಲದ ಎಮ್ಮೆಯನ್ನು ಡಾಕ್ಟರು ಮೇಯಿಸಿಕೊಂಡು ಹೋಗಬೇಕೇನಕ್ಕಾ?"

"ಹೋಗಬೇಕು. ಈ ಎಮ್ಮೆ ಮನೆಯಲ್ಲಿ ಹಾಯುವುದಿಲ್ಲ, ದಾರಿಯಲ್ಲಿ ಹಾಯುತ್ತದೆ."

ಅವನು ಗೊಣಗುತ್ತ ಹತ್ತಿದ. ಸಪಾಟಿನಲ್ಲಿ ಹಾಡು ಗುನುಗಿದ. ಏರಿನ ನಡುವೆ ಗಾಡಿ ನಿಂತಿತು.

ಅವನೇ ಕೀಲಿ ತಿರುಗಿಸಿದ. ಏಳಲಿಲ್ಲ. ಪ್ಲಗ್ಗು ಬಿಚ್ಚಿ ಇಂಜಿನ್ನಿಗೆ ಮುಟ್ಟಿಸಿ ಅವಳಿಗೆ ಕೀಲಿ ತಿರುಗಿಸು ಎಂದ. ಕಿಡಿಯಿಲ್ಲ. ಕಾಯಿಲ್ ಮೇಲೆ ಕೈಯಿಟ್ಟು ಹಾ ಎಂದು ಹಿಂದೆಗೆದ. ಗೋಣಿತಟ್ಟು ಒದ್ದೆ ಮಾಡಿ ಅದಕ್ಕೆ ಸುತ್ತಿದ. ಇಬ್ಬರೂ ಬಿಸಿಲಲ್ಲಿ ಕೂತರು. ಬಹಳ ಹೊತ್ತಿನ ಮೇಲೆ ಕಿಡಿ ಬಂತು.

ಆಗ ಅವನು ಹೇಳಿದ: "ಹೀಗೆ ಆಗುತ್ತದೆ ಅಂತ ಮೊದಲೇ ಹೇಳಬಾರದಾಗಿತ್ತೇನಕ್ಕಾ?"

ಹಾಲಿನವಳು ಚಕ್ರಕ್ಕೆ ಕೊಟ್ಟಿದ್ದ ಕಲ್ಲು ತೆಗೆದು ದೂರ ಎಸೆದಳು.

ಅವತ್ತಿನ ಹಾಲೂ ಒಡೆಯಿತು. ಮಿಠಾಯಿ ಅಂಗಡಿಯವನು ಆಡಿದ ಮಾತಿನಂತೆ ಬೇರೆಯವರ ಹಾಲು ಹಿಡಿದ. ಇಬ್ಬರೂ ಸಾಮಾನಿನ ಅಂಗಡಿಗೆ ಹೋದರು. ವ್ಯಾಪಾರಿ ಇಲ್ಲವೆಂದು ಕೈಯಾಡಿಸಿದ. "ಹೋದ ವಾರವೇ ಒಬ್ಬರು ಒಯ್ದರು. ನಿನಗೆಂದು ಕಾದೆನವ್ವಾ. ನೀನು ಬರಲಿಲ್ಲ."

ಆಮೇಲೆ ಮೆಕ್ಯಾನಿಕ್ ಗುಜರಿ ಗುಜರಿ ತಿರುಗಿದ. ಮೂಲೆಯಲ್ಲಿ ಬಿದ್ದಿದ್ದ ಅಂಥದೇ ಗಾಡಿಯೊಂದರಿಂದ ಕಾಯಿಲ್ ಬಿಚ್ಚಿ ತಂದು ಕೂರಿಸಿದ. ಗಾಡಿ ಒಂದೇ ಉಸಿರಿಗೆ ಗುಡ್ಡ ಹತ್ತಿತು. ಆದರೆ ಹಾಲು ಕೊಳ್ಳುವವರು ಮೇಲೆ ಯಾರೂ ಇರಲಿಲ್ಲ. ಹಾಲಿನವಳು ಮನೆ ಮನೆಗೆ ಪಾವು ಅಳೆದು ಮಾರತೊಡಗಿದಳು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬಂದವರಿಗೆಲ್ಲ ಹೇಳುತ್ತಿದ್ದ: "ಆ ಗಾಡಿಯ ರೋಗ ಯಾರ ಕೈಗೂ ಸಿಕ್ಕಿರಲಿಲ್ಲ. ಹಿಡಿದವನು ನಾನು." ಕೂತವರು ತಲೆದೂಗುತ್ತಿದ್ದರು. ಹಾಲಿನವಳು ಅದೇ ದಾರಿಯಲ್ಲಿ ಕ್ಯಾನು ಹೊತ್ತು ಹೋಗುತ್ತಿದ್ದಳು. ಆ ಮಾತು ಅವಳ ಕಿವಿಗೂ ಬೀಳುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಗದಿಗೆಪ್ಪನಿಗೆ ತಡೆಯಲಾಗಲಿಲ್ಲ. "ಎಂಥ ಮನುಷ್ಯ ಅಜ್ಜಾ ಅವನು. ದಿನಾ ಆ ಗಾಡಿಯಲ್ಲಿ ಕೂರುವವಳು ಬಾಯಿಬಿಟ್ಟು ಹೇಳುತ್ತಿದ್ದಾಳೆ. ಒಂದು ಸಲ ನಂಬಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆ ನಗುವವರೋ, ಒಂದು ದಿನವಾದರೂ ಅದರಲ್ಲಿ ಕೂತವರೇ?"

ಗುರುಗಳು ಅವನನ್ನೇ ನೋಡಿದರು.

"ನಾಳೆ ಹಿರಿಯರ ಮುಂದೆ ನಾನೇನು ಹೇಳಲಿ ಗದಿಗೆಪ್ಪಾ? ನಿನ್ನ ಜೊತೆ ಏರು ಹತ್ತಿದವನು ನಾನಲ್ಲ."