ಬಾಲ ಎತ್ತದ ಶಾಸಕ

ಉಗ್ರಾಣದ ಪ್ರಾಣಿಗಳ ಸದನದಲ್ಲಿ ಬಾಲ ಎತ್ತಿದರೆ ಒಪ್ಪಿಗೆ ಎಂದು ಅರ್ಥ. ಅಲ್ಲಿ ಇಲಿಗಳ ಪರವಾಗಿ ಕೂರಲು ಆರಿಸಿಹೋದದ್ದು ಹಲ್ಲಿ. ಅದು ಮಂಡಿಸಿದ ಮಸೂದೆಗಳ ಸುದ್ದಿ ಕೇಳಿದಾಗಲೆಲ್ಲ ಕೆಂಚಕ್ಕನೆಂಬ ಮುದಿ ಇಲಿಗೆ ಎದೆಯುಬ್ಬುತ್ತಿತ್ತು. ಬೆಕ್ಕು ಉಗ್ರಾಣಕ್ಕೆ ಕಾಲಿಡಬಾರದೆಂಬ ಮಸೂದೆಯಂತೂ ಅವಳಿಗೆ ಬಾಯಿಪಾಠವಾಗಿತ್ತು.

ಆದರೂ ಬೆಕ್ಕು ಬರುವುದು ನಿಲ್ಲಲಿಲ್ಲ. ತನ್ನ ತಂಗಿಯನ್ನೇ ಅದು ಹೊತ್ತೊಯ್ದ ಮೇಲೆ ಕೆಂಚಕ್ಕ ಸದನಕ್ಕೆ ಹೋಗಿ ಅಕ್ಕಿಮೂಟೆಯ ಹಿಂದೆ ಕೂತಳು. ಹಲ್ಲಿ ಗೋಡೆ ನಡುಗುವಂತೆ ಭಾಷಣ ಮಾಡಿತು. ಅಧ್ಯಕ್ಷ ಪೀಠದಲ್ಲಿದ್ದ ಬೆಕ್ಕು, "ಒಪ್ಪುವವರು ಬಾಲ ಎತ್ತಿ" ಎಂದು ಸುತ್ತ ಕಣ್ಣು ಹಾಯಿಸಿತು. ಪಟ್ಟನೆ ಹಲ್ಲಿಯ ಬಾಲ ಕಳಚಿ ನೆಲಕ್ಕೆ ಬಿತ್ತು. ಅದರ ಜೊತೆಗೆ ಮಸೂದೆಯೂ ಬಿತ್ತು.

ಚುನಾವಣೆ ಬಂದಾಗ ಹಲ್ಲಿ ಹೊಸ ಬಾಲ ಬೆಳೆಸಿಕೊಂಡು ಬಿಲದ ಬಾಗಿಲಿಗೆ ಬಂತು.

"ನನ್ನಷ್ಟು ಮಸೂದೆ ತಂದವರು ಬೇರೆ ಯಾರಿದ್ದಾರೆ, ತಾಯಿ?"

"ಯಾರೂ ಇಲ್ಲ. ಅವುಗಳಲ್ಲಿ ಯಾವುದಕ್ಕೆ ಮತ ಹಾಕಿದಿರಿ?"

"ಮತ ಹಾಕುವ ಹೊತ್ತಿಗೆ ಸರಿಯಾಗಿ ಬಾಲ ಕಳಚಿಬಿಡುತ್ತದೆ. ಅದೊಂದು ಆರೋಗ್ಯದ ಸಮಸ್ಯೆ."

"ಹಾಗಾದರೆ ಮನೆಯಲ್ಲಿದ್ದು ವಿಶ್ರಾಂತಿ ತೆಗೆದುಕೊಳ್ಳಿ" ಎಂದಳು ಕೆಂಚಕ್ಕ.

ಅವಳ ಮಾತು ಕೇಳಿ ಇಲಿಗಳು ಈ ಸಲ ಚೇಳನ್ನು ಆರಿಸಿದವು. ಚೇಳಿಗೆ ಭಾಷಣ ಬಾರದು, ಮಸೂದೆ ಬರೆಯಲೂ ಬಾರದು. ಅದು ಹಲ್ಲಿಯ ಹಳೆಯ ಮಸೂದೆಯನ್ನೇ ಮುಂದಿಟ್ಟು, ಬಾಲ ಎತ್ತಿಕೊಂಡು ಪೀಠದ ಪಕ್ಕಕ್ಕೇ ಹೋಗಿ ನಿಂತಿತು.

ಬೆಕ್ಕು ಆ ಬಾಲದ ತುದಿಯನ್ನು ಒಮ್ಮೆ ನೋಡಿತು. ಮತ ಎಣಿಸುವ ಗೋಜಿಗೆ ಹೋಗದೆ, "ಸದನ ಒಪ್ಪಿದೆ" ಎಂದು ಘೋಷಿಸಿ, ಗಾಂಭೀರ್ಯದಿಂದಲೇ ಉಗ್ರಾಣದ ಹೊಸಿಲು ದಾಟಿಹೋಯಿತು.