ಏಳು ತಲೆಮಾರಿನ ಕೆಂಡ

ಕೇಳ್ರಪ್ಪಾ ಕೇಳಿ. ಕಡಲಾಚೆ ಐರ್ಲೆಂಡ್ ಅಂತ ಒಂದು ನಾಡು. ಆ ನಾಡಿನ ಪಡುವಣಕ್ಕೆ ಮೇಯೋ ಅಂತ ಒಂದು ಸೀಮೆ. ಆ ಸೀಮೆಯ ಒಂದಾನೊಂದು ಊರಲ್ಲಿ ಹೊನೋರಾ ಅಂತ ಒಬ್ಬ ಗಟ್ಟಿಗಿತ್ತಿ ಇದ್ದಳಂತೆ. ಅವಳ ಮನೆ ಒಲೆ ಏಳು ತಲೆಮಾರಿನಿಂದ ಆರಿಲ್ಲ ಅಂತ ಊರೆಲ್ಲ ಹೇಳ್ತಿತ್ತಂತೆ. ಅಲ್ಲಿ ಸೌದೆ ಎಲ್ಲಿಂದ ಬರಬೇಕು? ಜೌಗು ನೆಲದ ಕರೀ ಮಣ್ಣನ್ನ ಇಟ್ಟಿಗೆ ಹಾಗೆ ಕೊಯ್ದು ಒಣಗಿಸಿ, ಆ ಹೆಂಟೆಗಳನ್ನೇ ಉರಿಸೋದು. ಮಲಗೋ ಮುಂಚೆ ಕೆಂಡಕ್ಕೆ ಬೂದಿ ಮುಚ್ಚೋದು, ಬೆಳಗ್ಗೆ ಕೆದಕಿ ಊದೋದು. ಒಲೆ ಆರಿದರೆ ಮನೆಯ ಏಳಿಗೆಯೇ ಹೋಯಿತು ಅಂತ ಅವರ ನಂಬಿಕೆ.

ಆ ಮನೆಗೆ ಸೋರ್ಕಾ ಅಂತ ಹೊಸ ಸೊಸೆ ಬಂದಳು. ಮೇ ತಿಂಗಳು ಹುಟ್ಟೋ ಹಿಂದಿನ ದಿನ ಹೊನೋರಾ ಕಾಯಿಲೆ ಬಿದ್ದ ತಂಗೀನ ನೋಡೋಕೆ ಹೊರಟಳು. ಮಗ ಆಗಲೇ ಮೀನಿಗೆ ಅಂತ ಕಡಲಿಗೆ ಹೋಗಿದ್ದ.

"ನಾಳೆ ಮಧ್ಯಾಹ್ನಕ್ಕೆ ಬರ್ತೀನಿ. ಕೆಂಡಕ್ಕೆ ಒಂದೇ ಹಿಡಿ ಬೂದಿ ಕಣೇ, ಜೋಪಾನ," ಅಂದಳು ಅತ್ತೆ.

ಸೋರ್ಕಾ ಒಂದು ಹಿಡಿ ಮುಚ್ಚಿದಳು. ಸಾಲದೇನೋ ಅಂತ ಭಯ. ಇನ್ನೊಂದು ಹಿಡಿ. ಮತ್ತೂ ಭಯ. ಮೂರನೇದು. ಬೆಳಗ್ಗೆ ಕೆದಕಿದರೆ ಎಲ್ಲ ತಣ್ಣಗೆ! ಅಯ್ಯೋ, ಹುಡುಗಿಯ ಹೆದರಿಕೆಯೇ ಬೆಂಕಿಯ ಉಸಿರು ಕಟ್ಟಿಸಿತ್ತು. ಊದಿದಳು, ಅತ್ತಳು, ಮತ್ತೆ ಊದಿದಳು. ಬೂದಿ ಹಾರಿತೇ ಹೊರತು ಕಿಡಿ ಏಳಲಿಲ್ಲ.

ಮಡಕೆ ಹಿಡಿದು ಪಕ್ಕದ ಮನೆಗೆ ಓಡಿದಳಂತೆ.

"ಇವತ್ತು ಮೇ ಒಂದು! ಇವತ್ತು ಬೆಂಕಿ ಕೊಟ್ಟರೆ ಅದರ ಜೊತೆ ಮನೆಯ ಅದೃಷ್ಟವೂ ಹೋಗುತ್ತೆ, ವರ್ಷವಿಡೀ ನಮ್ಮ ಬೆಣ್ಣೆ ನಿಮ್ಮ ಮನೆ ಸೇರುತ್ತೆ. ಹೋಗಮ್ಮಾ," ಅಂದರು.

ಎರಡನೇ ಮನೆಯಲ್ಲಿ ಇವಳ ಕೈಯಲ್ಲಿ ಮಡಕೆ ಕಂಡದ್ದೇ ತಡ, ಬಾಗಿಲು ಹಾಕಿಕೊಂಡರು. ಹೊತ್ತು ಏರ್ತಾ ಇತ್ತು. ಎಲ್ಲರ ಮನೆ ಮೇಲೆ ಹೊಗೆ, ಇವಳ ಮನೆ ಮೇಲೆ ಮಾತ್ರ ಇಲ್ಲ. ಅತ್ತೆ ಗುಡ್ಡದ ಮೇಲಿಂದಲೇ ನೋಡಿಬಿಟ್ಟರೆ?

ಉಳಿದದ್ದು ಹಳ್ಳದಾಚೆ ನಾದಿನಿ ಐಲಿಶ್ ಮನೆ. ಅವಳು ತಾಯಿಗೆ ಹೇಳಿಬಿಟ್ಟರೆ ಅನ್ನೋ ಭಯಕ್ಕೇ ಸೋರ್ಕಾ ಮೊದಲು ಅಲ್ಲಿಗೆ ಹೋಗಿರಲಿಲ್ಲ. ಈಗ ಮಡಕೆಯಲ್ಲಿ ತನ್ನದೇ ಒಂದು ಹೆಂಟೆ, ತನ್ನ ಒಲೆಯದೇ ಒಂದಿಷ್ಟು ಬೂದಿ ಹಾಕಿಕೊಂಡು ಓಡಿದಳು.

ಐಲಿಶ್ ಬಾಗಿಲಿಗೆ ಅಡ್ಡ ನಿಂತಳು. "ಅತ್ತಿಗೆ, ಇನ್ನೇನಾದ್ರೂ ಕೇಳು. ಇವತ್ತು ಬೆಂಕಿ ಮಾತ್ರ ಕೇಳಬೇಡ."

ಸೋರ್ಕಾ ಮಡಕೆ ಮುಂದೆ ಚಾಚಿದಳು. ಅಂದಳು: "ನಿನ್ನ ಬೆಂಕಿ ಬೇಡ ಐಲಿಶ್. ನಿನ್ನ ಮದುವೆ ದಿನ ಅತ್ತೆ ನಮ್ಮ ಒಲೆಯಿಂದ ಕೆಂಡ ತಂದು ಇಲ್ಲಿ ಹೊತ್ತಿಸಿದ್ದರಲ್ಲ? ಅದರ ಪಕ್ಕ ನನ್ನ ಹೆಂಟೆ ಇಡ್ತೀನಿ. ಹೋಗುವಾಗ ನನ್ನ ಹೆಂಟೇನೇ ಒಯ್ತೀನಿ. ನಿನ್ನದೊಂದು ಚೂರೂ ಹೊರಗೆ ಹೋಗಲ್ಲ."

ಐಲಿಶ್ ಮಡಕೆಯೊಳಗೆ ಇಣುಕಿ ಹೆಂಟೆ ನೋಡಿದಳಂತೆ. ಆಮೇಲೆ ಬಾಗಿಲು ಬಿಟ್ಟು ಸರಿದಳು.

ಹೊತ್ತಿದ ಹೆಂಟೆ ಮಡಕೆಯಲ್ಲಿಟ್ಟು, ತಂದಿದ್ದ ಬೂದಿಯಲ್ಲಿ ಒಂದು ಹಿಡಿ ಮುಚ್ಚಿ ಸೋರ್ಕಾ ಹಳ್ಳ ದಾಟಿದಳು. ಗಾಳಿ ಬೀಸಿತು. ಇನ್ನೊಂದು ಹಿಡಿ ಬೂದಿ ಮುಚ್ಚಲಾ ಅಂತ ಕೈ ಎತ್ತಿದಳು. ಆದರೆ ಮುಚ್ಚಲಿಲ್ಲ.

ಒಲೆ ಉರಿ ಹಿಡಿಯೋದಕ್ಕೂ ಹೊನೋರಾ ಹೊಸ್ತಿಲು ದಾಟೋದಕ್ಕೂ ಸರಿಹೋಯಿತಂತೆ. ಅತ್ತೆ ಉರಿ ನೋಡಿದಳು, ಬಗ್ಗಿ ಒಲೆಯ ಕಲ್ಲು ಮುಟ್ಟಿದಳು. ಮೇಲೆ ಅಷ್ಟು ಉರಿ, ಕೆಳಗೆ ಕಲ್ಲು ತಣ್ಣಗೆ.

"ಐಲಿಶ್ ಚೆನ್ನಾಗಿದ್ದಾಳಾ?" ಅಂತ ಕೇಳಿದಳು ಅತ್ತೆ.

ಸೊಸೆ ಗೊಳೋ ಅಂತ ಅತ್ತುಬಿಟ್ಟಳು. "ತಪ್ಪಾಯ್ತು ಅತ್ತೆ! ಏಳು ತಲೆಮಾರಿಂದು ನನ್ನ ಕೈಯಲ್ಲಿ ಆರಿಹೋಯ್ತು. ಕ್ಷಮಿಸಿ."

"ನನ್ನ ಕೈಯಲ್ಲೂ ಆರಿತ್ತು ಕಣೇ. ನಾನೂ ನನ್ನ ನಾದಿನಿ ಮನೆಗೇ ಓಡಿದ್ದೆ. ಮತ್ತೆ ಮಗಳ ಜೊತೆ ಕೆಂಡ ಯಾಕೆ ಕಳಿಸ್ತಾರೆ ಅಂದ್ಕೊಂಡೆ? ನಿನಗೂ ಮಗಳಾದರೆ ಬರಿಗೈಲಿ ಕಳಿಸಬೇಡ," ಅಂದಳಂತೆ ಹೊನೋರಾ.

ಅವರ ಒಲೆ ಅಲ್ಲಿ ಇನ್ನೂ ಉರೀತಿದೆಯಂತೆ. ಇಲ್ಲಿ ನನ್ನ ಕಥೆಗೆ ನಾನು ಬೂದಿ ಮುಚ್ಚಿದೆ, ಒಂದೇ ಹಿಡಿ.