ಕಾರ್ಡ್ ಇಲ್ಲದ ಪಡಿಯಾರರು

ಕಡಲ ಮಂಜು ಅಂಗಳಕ್ಕೆ ಬಂದು ತೂಕಡಿಸುತ್ತಿದ್ದ ಬೆಳಗು. ಹೋಂಸ್ಟೇ ನೋಡಿಕೊಳ್ಳುವ ಮಂಕಾಳಿ, ಬಂದ ಅತಿಥಿಯ ಆಧಾರ್ ಕಾರ್ಡ್ ಕೇಳಿದಳು. ನೋಡದೆ ಕೋಣೆ ಕೊಟ್ಟರೆ ಅವಳ ಕೆಲಸ ಹೋಗುತ್ತಿತ್ತು.

"ಜಯವಂತ ಪಡಿಯಾರ್ ಅಂದ್ರೆ ಜಿಲ್ಲೆಗೇ ಗೊತ್ತು. ನನ್ನ ಹತ್ರ ಕಾರ್ಡ್ ಕೇಳ್ತೀಯಾ?" ಎಂದು ಅವರು ಗದರಿದರು.

"ಆಗಲೇ ಬಂದ ಜಯವಂತ ಪಡಿಯಾರರೂ ಹೀಗೇ ಅಂದ್ರು, ಒಡೆಯಾ. ನಂಬಿ ಕೋಣೆ ಕೊಟ್ಟೆ. ಒಳಗೆ ಗೊರಕೆ ಹೊಡೀತಿದ್ದಾರೆ."

ಪಡಿಯಾರರು ಕಿವಿಗೊಟ್ಟರು. ಮಂಜಿನಾಚೆಯ ಅಲೆಯ ಸದ್ದು ಗೊರಕೆಯಂತೆಯೇ ಕೇಳಿಸಿತು. ಕೈ ತಾನಾಗಿ ಕಿಸೆಗೆ ಹೋಯಿತು. ಆಧಾರ್ ಜೊತೆಗೆ ಲೈಸೆನ್ಸನ್ನೂ ಅವಳ ಕೈಗಿಟ್ಟು, ಒಳಗೆ ನುಗ್ಗಿದರು.

ಹಾಸಿಗೆ ಖಾಲಿ. ಕಿಟಕಿಯ ಪರದೆ ಮಾತ್ರ ಮೆಲ್ಲಗೆ ತೇಲುತ್ತಿತ್ತು.

"ಎಲ್ಲಿ ಅವನು?"

ಮಂಕಾಳಿ ಕಾರ್ಡುಗಳನ್ನು ಸೆರಗಿನಲ್ಲಿ ಒರೆಸಿ ಹಿಂದಿರುಗಿಸಿದಳು. "ಕಾರ್ಡ್ ಇಲ್ಲದ ಪಡಿಯಾರರಾ? ನೀವು ಕಾರ್ಡ್ ತೆಗೆದ ಕೂಡಲೇ ಹೋದ್ರು, ಒಡೆಯಾ."